ಖಾಲಿ ಹೊಟ್ಟೆಯ ಮಾತ್ರೆ

(ಒಬ್ಬರು ಮಾಸಪತ್ರಿಕೆಯೊಂದರ ಆರೋಗ್ಯ ಪುಟ ನೋಡಿಕೊಳ್ಳುವ ಸಂಪಾದಕಿ. ಇನ್ನೊಬ್ಬರು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಾತು ಶುರುವಾದದ್ದು ಅಚ್ಚಿಗೆ ಹೋಗಲಿದ್ದ ಒಂದು ತಲೆಬರಹದಿಂದ.)

ಸಂಪಾದಕಿ: ತಲೆಬರಹ ಹೀಗಿದೆ ಮೇಷ್ಟ್ರೇ: ‘ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರೇ ಎಚ್ಚರ! ಮೂಳೆ, ಕಿಡ್ನಿ, ಮಿದುಳು ಮೂರಕ್ಕೂ ಕುತ್ತು’. ಸ್ವಲ್ಪ ಗದ್ದಲದ ತಲೆಬರಹ, ಒಪ್ಪಿದೆ. ಆದರೆ ಒಳಗಿನ ಲೇಖನದಲ್ಲಿ ಸುಳ್ಳಿಲ್ಲ. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮುಂತಾದ, ಜಠರದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಕ್ಕೂ ಮೀರಿ ತೆಗೆದುಕೊಂಡವರಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಶೇ 44ರಷ್ಟು ಹೆಚ್ಚು ಎಂದು 2006ರಲ್ಲೇ ಬ್ರಿಟನ್ನಿನ ರೋಗಿಗಳ ದಾಖಲೆ ಜಾಲಾಡಿದವರು ಬರೆದರು. 2016ರಲ್ಲಿ ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಬಂತು: ಈ ಮಾತ್ರೆಯವರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆ ಶೇ 50ರಷ್ಟು ಹೆಚ್ಚು. ಅದೇ ವರ್ಷ ಜರ್ಮನಿಯ ವಿಮಾ ದಾಖಲೆಗಳಿಂದ 75 ದಾಟಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಹಿರಿಯರ ಲೆಕ್ಕ: ಮರೆವಿನ ಕಾಯಿಲೆ ಶೇ 44ರಷ್ಟು ಹೆಚ್ಚು. ಮೂರೂ ಹೆಸರುವಾಸಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ನಮ್ಮ ಮನೆಗಳಲ್ಲಿ ಈ ಮಾತ್ರೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇರುತ್ತದೆ. ಓದುಗರನ್ನು ಎಚ್ಚರಿಸಿದರೆ ತಪ್ಪೇನು?

ಮೇಷ್ಟ್ರು: ಎಚ್ಚರಿಸಿ, ಬೇಡ ಎನ್ನುವುದಿಲ್ಲ. ಆದರೆ ಈ ತಲೆಬರಹ ಓದಿ ಮಾತ್ರೆ ಬಿಡುವವರು ಯಾರು ಎಂದು ಮೊದಲು ಯೋಚಿಸಿ. ಮದುವೆ ಊಟ ಮುಗಿಸಿ ಹುಳಿತೇಗು ಬಂದಾಗ ಒಂದು ನುಂಗುವವನಿಗೆ ಇದು ನಾಟುವುದಿಲ್ಲ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ, ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿರುವ, ಪತ್ರಿಕೆಯನ್ನು ಕೊನೆಯ ಸಾಲಿನವರೆಗೂ ಓದುವ ಹಿರಿಯರಿಗೆ ನಾಟುತ್ತದೆ. ಆ ಹುಣ್ಣು ಎಂಥದ್ದು ಎಂಬುದು ನಮಗೆ ಮರೆತುಹೋಗಿದೆ. ಹಿಂದೆ ಅದಕ್ಕೆ ಜಠರದ ಒಂದು ಭಾಗ ಕತ್ತರಿಸುತ್ತಿದ್ದರು, ಇಲ್ಲವೇ ಆಮ್ಲ ಸುರಿಸಲು ಹೇಳುವ ನರವನ್ನೇ ತುಂಡರಿಸುತ್ತಿದ್ದರು. 1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಬಂತು, 1988ರಲ್ಲಿ ಸ್ವೀಡನ್ನಿನ ಓಮೆಪ್ರಜೋಲ್. ಹುಣ್ಣಿನ ಮೂಲ ಒಂದು ಬ್ಯಾಕ್ಟೀರಿಯಾ ಎಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿ 2005ರಲ್ಲಿ ನೊಬೆಲ್ ಪಡೆದರಲ್ಲ, ಆ ಬ್ಯಾಕ್ಟೀರಿಯಾ ಓಡಿಸುವ ಚಿಕಿತ್ಸೆಯಲ್ಲೂ ಆಂಟಿಬಯೋಟಿಕ್ ಜೊತೆಗೆ ಈ ಮಾತ್ರೆ ಬೇಕು. ಹಾಂಗ್‌ಕಾಂಗ್‌ನಲ್ಲಿ ಹುಣ್ಣಿನಿಂದ ರಕ್ತ ಸುರಿಯುತ್ತಿದ್ದ 240 ಜನರಿಗೆ ಎಂಡೋಸ್ಕೋಪಿಯಲ್ಲಿ ರಕ್ತ ನಿಲ್ಲಿಸಿ, ಅರ್ಧ ಜನಕ್ಕೆ ಓಮೆಪ್ರಜೋಲ್, ಉಳಿದರ್ಧಕ್ಕೆ ಹುಸಿ ಮದ್ದು ಕೊಟ್ಟರು. ಫಲಿತಾಂಶ 2000ದಲ್ಲಿ ಬಂತು. ತಿಂಗಳೊಳಗೆ ಮತ್ತೆ ರಕ್ತ ಹರಿದದ್ದು ಹುಸಿ ಮದ್ದಿನವರಲ್ಲಿ 27 ಜನಕ್ಕೆ, ಓಮೆಪ್ರಜೋಲ್‌ನವರಲ್ಲಿ 8 ಜನಕ್ಕೆ. ಇಷ್ಟು ಕೆಲಸ ಮಾಡುವ ಮದ್ದಿನ ಬಗ್ಗೆ ‘ಕುತ್ತು’ ಎಂದು ಬರೆಯುವ ಮುನ್ನ ನಿಮ್ಮ ಕೈಯಲ್ಲಿರುವ ಸಾಕ್ಷ್ಯದ ಜಾತಕ ನೋಡಬೇಕು.

ಸಂಪಾದಕಿ: ಜಾತಕದಲ್ಲೇನು ದೋಷ? ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ ಬರೆದದ್ದು.

ಮೇಷ್ಟ್ರು: ಗಮನಿಸಿದರು, ಅಷ್ಟೇ. ಯಾರಿಗೆ ಮಾತ್ರೆ ಸಿಗಬೇಕು ಎಂಬುದನ್ನು ಸಂಶೋಧಕರು ನಿರ್ಧರಿಸಲಿಲ್ಲ, ಊರಿನ ವೈದ್ಯರು ನಿರ್ಧರಿಸಿದ್ದರು. ವೈದ್ಯರು ಇದನ್ನು ಯಾರಿಗೆ ಬರೆಯುತ್ತಾರೆ? ತೂಕ ಹೆಚ್ಚಾದವರಿಗೆ, ಕೀಲುನೋವಿಗೆಂದು ನೋವಿನ ಮಾತ್ರೆ ನುಂಗುವವರಿಗೆ, ಬಿಪಿಗೆ ಎರಡು, ಸಕ್ಕರೆಗೆ ಎರಡು ಎಂದು ದಿನಕ್ಕೆ ಒಂದು ಹಿಡಿ ಮಾತ್ರೆ ನುಂಗುವವರಿಗೆ. ಅವರ ಕಿಡ್ನಿ ಮುಂದೆ ಸೋತರೆ ಸೋಲಿಸಿದ್ದು ಈ ಮಾತ್ರೆಯೋ, ಬಿಪಿಯೋ, ಸಕ್ಕರೆಯೋ, ನೋವಿನ ಮಾತ್ರೆಯೋ? ಕಿಡ್ನಿ ಅಧ್ಯಯನದ ಲೇಖಕರೇ ಬರೆದಿದ್ದಾರೆ, ಮಾತ್ರೆಯವರು ಮೊದಲಿನಿಂದಲೂ ಹೆಚ್ಚು ತೂಕದವರು, ಬಿಪಿ ಔಷಧಿ ಹೆಚ್ಚು ತೆಗೆದುಕೊಳ್ಳುವವರು ಎಂದು. ಇಂಥ ವ್ಯತ್ಯಾಸಗಳನ್ನು ಗಣಿತದಿಂದ ಕಳೆಯುವ ವಿಧಾನಗಳಿವೆ, ಅವರೂ ಕಳೆದರು. ಆದರೆ ದಾಖಲೆಯಲ್ಲಿ ಇರುವುದನ್ನಷ್ಟೇ ಕಳೆಯಬಹುದು. ‘ಈ ಮನುಷ್ಯ ಒಟ್ಟಾರೆ ಬಳಲಿದ್ದಾನೆ’ ಎಂದು ವೈದ್ಯರಿಗೆ ಮುಖ ನೋಡಿದಾಗ ತಿಳಿಯುತ್ತದಲ್ಲ, ಅದಕ್ಕೆ ದಾಖಲೆಯಲ್ಲಿ ಅಂಕಣವಿಲ್ಲ. ಇದನ್ನು ಪರೀಕ್ಷಿಸಲು 2013ರಲ್ಲಿ ಕೆಲವರು ಒಂದು ಜಾಣ ಉಪಾಯ ಹೂಡಿದರು. ಈ ಮಾತ್ರೆಯಿಂದ ಬರಲು ಯಾವ ಕಾರಣವೂ ಇಲ್ಲದ ಕಾಯಿಲೆಗಳನ್ನು ಇಂಥದೇ ಲೆಕ್ಕಕ್ಕೆ ಹಾಕಿದರು: ಮೂತ್ರನಾಳದ ಸೋಂಕು, ಕೀಲು ಸವೆತ, ಎದೆನೋವು. ಅವೂ ಮಾತ್ರೆಯವರಲ್ಲೇ ಹೆಚ್ಚು ಎಂದು ಬಂತು! ಹಾಗಿದ್ದ ಮೇಲೆ ಆ ಲೆಕ್ಕ ತೋರಿಸುತ್ತಿದ್ದದ್ದು ಮಾತ್ರೆಯ ಗುಣವನ್ನಲ್ಲ, ಮಾತ್ರೆ ನುಂಗುವ ಜನರ ಬಳಲಿಕೆಯನ್ನು.

ಸಂಪಾದಕಿ: ಒಂದು ಅಧ್ಯಯನ ಹಾದಿ ತಪ್ಪಬಹುದು. ಆದರೆ ಮೂಳೆಯ ಬಗ್ಗೆ ಎಷ್ಟು ಅಧ್ಯಯನ, ಕಿಡ್ನಿಯ ಬಗ್ಗೆ ಎಷ್ಟು, ಮಾತ್ರೆಯಿಂದ ನ್ಯುಮೋನಿಯ ಬರುತ್ತದೆ ಎನ್ನುವವು ಎಷ್ಟು! ಹತ್ತಾರು ದೇಶಗಳಿಂದ ಒಂದೇ ದಿಕ್ಕಿನ ಉತ್ತರ. ಎಲ್ಲವೂ ಒಟ್ಟಿಗೆ ತಪ್ಪುವುದುಂಟೇ?

ಮೇಷ್ಟ್ರು: ತಕ್ಕಡಿಯ ಒಂದು ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದ್ದರೆ ನೂರು ಸಲ ತೂಗಿದರೂ ಅದೇ ತೂಕ ಬರುತ್ತದೆ. ನೂರು ಸಲ ಬಂತು ಎಂದು ಆ ತೂಕ ಸರಿಯಾಗುವುದಿಲ್ಲ. ಈ ಅಧ್ಯಯನಗಳ ದೇಶ ಬೇರೆ, ದೋಷ ಒಂದೇ: ಎಲ್ಲ ಕಡೆಯೂ ಹೆಚ್ಚು ಬಳಲಿದವರಿಗೇ ಮಾತ್ರೆ ಹೆಚ್ಚು ಸಿಗುತ್ತದೆ. ಇದು ಬರಿಯ ತರ್ಕವಲ್ಲ, ಒಮ್ಮೆ ಕಣ್ಣೆದುರೇ ಪರೀಕ್ಷೆಯಾಗಿದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕ್ಲೋಪಿಡೋಗ್ರೆಲ್ ಎಂಬ ರಕ್ತ ತೆಳುವಾಗಿಸುವ ಮದ್ದು ಕೊಡುತ್ತಾರೆ. ಅದು ಕೆಲಸ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಪಡಿಸಬೇಕು, ಓಮೆಪ್ರಜೋಲ್ ಆ ಕಿಣ್ವಕ್ಕೆ ಅಡ್ಡ ಬರುತ್ತದೆ. ಪ್ರಯೋಗಾಲಯದಲ್ಲಿ ಇದು ನಿಜ. ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಿಗೆ ಹೃದಯಾಘಾತ ಹೆಚ್ಚು ಎಂದು ದಾಖಲೆ ಆಧಾರಿತ ಅಧ್ಯಯನಗಳೂ ಹೇಳಿದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಎಚ್ಚರಿಕೆ ಕೊಟ್ಟಿತು. 2010ರಲ್ಲಿ ‘ಕೋಜೆಂಟ್’ ಪ್ರಯೋಗದ ಫಲಿತಾಂಶ ಬಂತು. ಮೂರೂಮುಕ್ಕಾಲು ಸಾವಿರ ರೋಗಿಗಳು; ಯಾರಿಗೆ ಓಮೆಪ್ರಜೋಲ್, ಯಾರಿಗೆ ಹುಸಿ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ಹಂಚಿದ್ದರು. ಹೃದಯದ ತೊಂದರೆ ಶೇ 4.9 ಮತ್ತು ಶೇ 5.7, ಓಮೆಪ್ರಜೋಲ್‌ನವರಲ್ಲಿ ಹೆಚ್ಚಂತೂ ಆಗಲಿಲ್ಲ. ಹೊಟ್ಟೆಯ ರಕ್ತಸ್ರಾವ ಮುಂತಾದ ತೊಂದರೆ ಶೇ 2.9ರಿಂದ ಶೇ 1.1ಕ್ಕೆ ಇಳಿಯಿತು. ಹಣ ಕೊಡುತ್ತಿದ್ದ ಕಂಪನಿ ಮುಳುಗಿದ್ದರಿಂದ ಪ್ರಯೋಗ ಅರ್ಧಕ್ಕೇ ನಿಂತಿತು ಎಂಬುದನ್ನೂ ಹೇಳಿಬಿಡುತ್ತೇನೆ. ಆ ಎಚ್ಚರಿಕೆಯೂ ಕ್ಲೋಪಿಡೋಗ್ರೆಲ್ ಪೊಟ್ಟಣದ ಒಳಗಿನ ಕಾಗದದಲ್ಲಿ ಇಂದಿಗೂ ಇದೆ. ಆದರೂ ದಾಖಲೆಗಳು ತೋರಿಸಿದ್ದ ಆ ದೊಡ್ಡ ಭಯ, ಚೀಟಿ ಎತ್ತಿ ಹಂಚಿದ ಕೂಡಲೇ ಕಾಣದಾಯಿತು.

ಸಂಪಾದಕಿ: ಹಾಗಾದರೆ ಕಿಡ್ನಿ, ಮೂಳೆ, ಮಿದುಳಿಗೂ ಹೀಗೆ ಚೀಟಿ ಎತ್ತಿ ನೋಡಿದ್ದಾರೆಯೇ?

ಮೇಷ್ಟ್ರು: ನೋಡಿದ್ದಾರೆ. ಆ ಪ್ರಯೋಗಕ್ಕೆ ‘ಕಂಪಾಸ್’ ಎಂದು ಹೆಸರು. ಮೂಲತಃ ರಿವರೋಕ್ಸಬಾನ್ ಎಂಬ ರಕ್ತ ತೆಳುವಾಗಿಸುವ ಮದ್ದಿನ ಪರೀಕ್ಷೆ. ಅದರೊಳಗೇ ಈ ಪ್ರಶ್ನೆಯನ್ನೂ ಸೇರಿಸಿದರು. 33 ದೇಶಗಳ 17,598 ಜನ, ಸರಾಸರಿ ವಯಸ್ಸು 67 ದಾಟಿದೆ, ಹೃದಯ ಅಥವಾ ರಕ್ತನಾಳದ ಕಾಯಿಲೆಯವರು. ಅಂದರೆ ಕಿಡ್ನಿ ಸೋಲುವ, ಮೂಳೆ ಮುರಿಯುವ, ಮರೆವು ಹತ್ತುವ ವಯಸ್ಸಿನವರೇ. ಅರ್ಧ ಜನಕ್ಕೆ ದಿನಕ್ಕೆ 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್, ಉಳಿದವರಿಗೆ ಹುಸಿ ಮಾತ್ರೆ, ಸುಮಾರು ಮೂರು ವರ್ಷ. 2019ರಲ್ಲಿ ಲೆಕ್ಕ ಬಿಚ್ಚಿದಾಗ ನ್ಯುಮೋನಿಯ, ಮೂಳೆ ಮುರಿತ, ಕಿಡ್ನಿ ಕಾಯಿಲೆ, ಮರೆವು ಯಾವುದರಲ್ಲೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಎದ್ದು ಕಂಡದ್ದು ಒಂದೇ, ಕರುಳಿನ ಸೋಂಕು: ಹುಸಿ ಮಾತ್ರೆಯವರಲ್ಲಿ ಶೇ 1.0, ಪ್ಯಾಂಟೊಪ್ರಜೋಲ್‌ನವರಲ್ಲಿ ಶೇ 1.4. ಅದಕ್ಕೆ ಮತ್ತೆ ಬರುತ್ತೇನೆ, ನಮ್ಮ ಊರುಗಳಿಗೆ ಅದು ಸಣ್ಣ ಮಾತಲ್ಲ.

ಸಂಪಾದಕಿ: ಮೂರು ವರ್ಷ ಸಾಲದು ಮೇಷ್ಟ್ರೇ. ಮಿದುಳು ಮೂರು ವರ್ಷದಲ್ಲಿ ಹಾಳಾಗುತ್ತದೆಯೇ? ಇನ್ನೊಂದು ಮಾತು, ಹಣ ಯಾರದ್ದು? ಔಷಧ ಕಂಪನಿಯ ಹಣದಲ್ಲಿ ನಡೆದ ಪ್ರಯೋಗ ಔಷಧಕ್ಕೆ ಒಳ್ಳೆಯ ಗುಣಪತ್ರ ಕೊಟ್ಟರೆ ಆಶ್ಚರ್ಯವೇನು?

ಮೇಷ್ಟ್ರು: ಎರಡೂ ನ್ಯಾಯವಾದ ಆಕ್ಷೇಪ. ಹಣ ಬೇಯರ್ ಕಂಪನಿಯದ್ದು. ಅದಕ್ಕಾಗಿ ಲೆಕ್ಕವನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಕಣ್ಣು ಮುಚ್ಚಿ ನಂಬುವುದೂ ಇಲ್ಲ, ಬೇರೆ ಹಣದಲ್ಲಿ ನಡೆದ ಪ್ರಯೋಗ ಏನು ಹೇಳುತ್ತದೆ ಎಂದು ನೋಡುತ್ತೇನೆ. 2024ರ ‘ರಿವೈಸ್’ ಪ್ರಯೋಗ ಕೆನಡಾ, ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ನಿಧಿಗಳ ಬೆಂಬಲದಿಂದ ನಡೆದದ್ದು. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮೇಲಿದ್ದ 4,821 ಜನ. ನ್ಯುಮೋನಿಯ ತಗಲುವುದಿದ್ದರೆ ಅಲ್ಲಿಗಿಂತ ಹದವಾದ ನೆಲ ಬೇರೆ ಇಲ್ಲ. ಪ್ಯಾಂಟೊಪ್ರಜೋಲ್ ಸಿಕ್ಕವರಲ್ಲಿ ಶೇ 23.2, ಹುಸಿ ಮದ್ದಿನವರಲ್ಲಿ ಶೇ 23.8, ಹೆಚ್ಚುಕಡಿಮೆ ಒಂದೇ. ಗಂಭೀರ ರಕ್ತಸ್ರಾವ ಮಾತ್ರ ಶೇ 3.5ರಿಂದ ಶೇ 1.0ಕ್ಕೆ ಇಳಿಯಿತು. ನ್ಯುಮೋನಿಯದ ಬಗ್ಗೆ ಎರಡು ಬಗೆಯ ಹಣ, ಎರಡು ಬಗೆಯ ರೋಗಿಗಳು, ಉತ್ತರ ಒಂದೇ. ಮೂರು ವರ್ಷ ಸಾಲದು ಎಂಬುದನ್ನು ಅರ್ಧ ಒಪ್ಪುತ್ತೇನೆ. ಹತ್ತು ವರ್ಷ ತೆಗೆದುಕೊಂಡವರ ಮಿದುಳಿನ ಬಗ್ಗೆ ಕಂಪಾಸ್ ಏನನ್ನೂ ಹೇಳಲಾರದು. ಆದರೆ ಹತ್ತು ವರ್ಷದ ಬಗ್ಗೆ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಯಾವುದು? ಅದೇ ಹುಣಸೆಹಣ್ಣು ಅಂಟಿದ ತಕ್ಕಡಿಯದ್ದು. ಆ ಕಿಡ್ನಿ ಅಧ್ಯಯನವನ್ನು ಅಕ್ಷರಶಃ ನಂಬಿದರೂ ಹತ್ತು ವರ್ಷದಲ್ಲಿ ಮಾತ್ರೆಯವರಲ್ಲಿ ಶೇ 11.8 ಜನಕ್ಕೆ ಕಾಯಿಲೆ, ಮಾತ್ರೆ ಇಲ್ಲದಿದ್ದರೆ ಶೇ 8.5 ಜನಕ್ಕೆ ಎಂದು ಅಂದಾಜು. ‘ಶೇ 50 ಹೆಚ್ಚು’ ಎಂಬುದೂ ಅದೇ ಅಧ್ಯಯನದ ಮಾತು, ‘ನೂರಕ್ಕೆ ಮೂರು ಜನ ಹೆಚ್ಚು’ ಎಂಬುದೂ ಅದೇ. ತಲೆಬರಹದವರು ಯಾವಾಗಲೂ ಮೊದಲನೆಯದನ್ನೇ ಆರಿಸುತ್ತಾರೆ.

ಸಂಪಾದಕಿ: ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ನಿಮ್ಮ ಚೀಟಿ ಎತ್ತುವ ಪ್ರಯೋಗವೂ ಮೋಸ ಹೋದದ್ದುಂಟಲ್ಲ. ಸಿಸಾಪ್ರೈಡ್! ಎದೆಯುರಿಗೆಂದೇ ಬಂದ ಮದ್ದು. ಪ್ರಯೋಗಗಳನ್ನೆಲ್ಲ ಗೆದ್ದು 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆಮೇಲೆ ಜನರ ಹೃದಯದ ಬಡಿತ ತಾಳ ತಪ್ಪಿತು. 341 ವರದಿಗಳು, ಅವುಗಳಲ್ಲಿ 80 ಸಾವು. 2000ದಲ್ಲಿ ಅಲ್ಲಿನ ಮಾರುಕಟ್ಟೆಯಿಂದ ತೆಗೆದರು. ನಮ್ಮ ದೇಶದಲ್ಲಿ ನಿಷೇಧ ಬಂದದ್ದು 2011ರಲ್ಲಿ, ಹನ್ನೊಂದು ವರ್ಷ ತಡವಾಗಿ. ಪ್ರಯೋಗದಲ್ಲಿ ಕಾಣದ್ದು ಇಲ್ಲ ಎಂದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೇಷ್ಟ್ರು: ಬೇಡ. ನಿಮ್ಮ ಅತ್ಯಂತ ಗಟ್ಟಿಯಾದ ಆಕ್ಷೇಪ ಇದೇ, ಹಾಗಾಗಿ ನಿಧಾನವಾಗಿ ಉತ್ತರಿಸಬೇಕು. ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರವಿದೆ: ಸಾವಿರ ಜನರಲ್ಲಿ ಒಂದು ತೊಂದರೆ ಒಮ್ಮೆಯೂ ಕಾಣದಿದ್ದರೆ, ನಿಜದಲ್ಲಿ ಅದು ಸಾವಿರಕ್ಕೆ ಮೂರರವರೆಗೂ ಇರಬಹುದು. ಹತ್ತು ಸಾವಿರಕ್ಕೊಬ್ಬರಿಗೆ ಬರುವ ಹೃದಯಬಡಿತದ ತೊಂದರೆಯನ್ನು ಸಾವಿರ ಜನರ ಪ್ರಯೋಗ ಹಿಡಿಯಲಾರದು. ಅದನ್ನು ಹಿಡಿಯುವುದು ವೈದ್ಯರು ಒಂದೊಂದಾಗಿ ಬರೆದು ಕಳಿಸುವ ವರದಿಗಳು. ಆ ವರದಿಗಳನ್ನು ನಾವು ನಂಬುವುದಕ್ಕೆ ಕಾರಣವಿದೆ: ಅಂಥ ಹೃದಯಬಡಿತ ಅಪರೂಪದ್ದು, ಮಾತ್ರೆ ಶುರುಮಾಡಿದ ಸ್ವಲ್ಪದರಲ್ಲೇ ಬರುತ್ತದೆ, ಇಸಿಜಿಯಲ್ಲಿ ಗುರುತು ಬಿಡುತ್ತದೆ, ಎರಿತ್ರೋಮೈಸಿನ್‌ನಂಥ ಇನ್ನೊಂದು ಮದ್ದು ಜೊತೆಗಿದ್ದರೆ ಹೆಚ್ಚುತ್ತದೆ. ಕತ್ತಲ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ, ಒಂದೇ ಕಡ್ಡಿಯಾದರೂ ಕಾಣುತ್ತದೆ. ನಮ್ಮ ಆಮ್ಲದ ಮಾತ್ರೆಗೂ ಇಂಥ ನಿಜವಾದ ಅಪರೂಪದ ಅಪಾಯಗಳಿವೆ. ಕೆಲವರಲ್ಲಿ ರಕ್ತದ ಮೆಗ್ನೀಸಿಯಂ ಕುಸಿಯುತ್ತದೆ, ಮಾತ್ರೆ ನಿಲ್ಲಿಸಿದರೆ ಏರುತ್ತದೆ, ಮತ್ತೆ ಕೊಟ್ಟರೆ ಮತ್ತೆ ಕುಸಿಯುತ್ತದೆ. ಅದನ್ನು ನಂಬಿಯೇ 2011ರಲ್ಲಿ ಅಮೆರಿಕದ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಕಿಡ್ನಿಯಲ್ಲಿ ಏಕಾಏಕಿ ಉರಿಯೂತವಾಗುವ ಪ್ರಕರಣಗಳೂ ಹಾಗೆಯೇ, ವಿರಳ ಆದರೆ ನಿಜ. ಮುಪ್ಪಿನಲ್ಲಿ ಎಲ್ಲರಿಗೂ ಬರಬಹುದಾದ ಮೂಳೆ ಮುರಿತ, ಮರೆವಿನಂಥ ಕಾಯಿಲೆ ಒಂದೂಕಾಲು, ಒಂದೂವರೆ ಪಟ್ಟು ಹೆಚ್ಚಿತು ಎನ್ನುವುದು ಹಗಲು ಬೆಳಕಿನಲ್ಲಿ ಇನ್ನೊಂದು ದೀಪ ಹಚ್ಚಿದ ಹಾಗೆ. ಬೆಳಕು ಹೆಚ್ಚಾಯಿತೋ ಇಲ್ಲವೋ ಎಂದು ಬರಿಗಣ್ಣಿನಲ್ಲಿ ಹೇಳಲಾಗದು. ಅಲ್ಲಿ ಮಾತ್ರ ನಾನು ಚೀಟಿ ಎತ್ತಿದ ಪ್ರಯೋಗವೇ ಬೇಕು ಎನ್ನುತ್ತೇನೆ.

ಸಂಪಾದಕಿ: ಸರಿ. ಅಂದರೆ ‘ಧಾರಾಳವಾಗಿ ನುಂಗಿ, ಏನೂ ಆಗುವುದಿಲ್ಲ’ ಎಂದು ತಲೆಬರಹ ಬದಲಿಸಲೇ?

ಮೇಷ್ಟ್ರು: ಅಯ್ಯೋ, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಇಷ್ಟು ಹೊತ್ತು ಹೇಳಿದ್ದು ಮಾತ್ರೆಯ ಪರ ವಕಾಲತ್ತು ಎಂದುಕೊಂಡಿರಾ? ಅದೇ ಕಂಪಾಸ್ ಪ್ರಯೋಗದ ಇನ್ನೊಂದು ಪುಟ ಓದಿ. ಆ ಜನ ಯಾರೂ ಆಮ್ಲದ ಮಾತ್ರೆ ಬೇಕೇಬೇಕು ಎಂಬ ಸ್ಥಿತಿಯವರಲ್ಲ. ಅಂಥವರನ್ನು ಹಂಚಿಕೆಯಿಂದ ಹೊರಗಿಟ್ಟಿದ್ದರು. ಹೊಟ್ಟೆಯ ಮೇಲ್ಭಾಗದ ತೊಂದರೆಗಳನ್ನೆಲ್ಲ ಕೂಡಿಸಿದಾಗ ಪ್ಯಾಂಟೊಪ್ರಜೋಲ್‌ನ 8,791 ಜನರಲ್ಲಿ 102 ಜನಕ್ಕೆ, ಹುಸಿ ಮಾತ್ರೆಯ 8,807 ಜನರಲ್ಲಿ 116 ಜನಕ್ಕೆ ಬಂದವು. ಗಣನೀಯ ವ್ಯತ್ಯಾಸವಲ್ಲ. ಜಠರದ ಗಾಯದಿಂದಲೇ ಆಗುವ ರಕ್ತಸ್ರಾವವನ್ನು ಬೇರೆ ಎಣಿಸಿದರೆ ಲಾಭವಿದೆ, ಸುಮಾರು ಅರ್ಧಕ್ಕಿಳಿಯಿತು. ಆದರೆ ಅದು ಕೆಲವೇ ಜನಕ್ಕೆ ಬರುವಂಥದ್ದು. ಹಾಂಗ್‌ಕಾಂಗ್‌ನಲ್ಲಿ 240 ಜನರಲ್ಲೇ ಎದ್ದು ಕಂಡ ಲಾಭ ಇಲ್ಲಿ ಹದಿನೇಳು ಸಾವಿರ ಜನರಲ್ಲಿ ಹುಡುಕಬೇಕಾಯಿತು. ಇವರೋ ಆಸ್ಪಿರಿನ್, ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುತ್ತಿದ್ದ ಹಿರಿಯರು. ಮೂರು ದಿನದ ಜ್ವರಕ್ಕೆ ಪ್ಯಾರಾಸಿಟಮಾಲ್ ಬರೆಸಿಕೊಂಡು, ಜೊತೆಗೆ ‘ಗ್ಯಾಸ್ಟ್ರಿಕ್‌ಗೆ’ ಎಂದು ಇನ್ನೊಂದು ಮಾತ್ರೆ ಪಡೆಯುವ ಮೂವತ್ತರ ಯುವಕನಿಗೆ ಲಾಭ ಎಷ್ಟು? ಸೊನ್ನೆ. ಸೊನ್ನೆ ಲಾಭದ ಎದುರು ಎಷ್ಟು ಸಣ್ಣ ಅಪಾಯವಾದರೂ ನಷ್ಟವೇ.

ಸಂಪಾದಕಿ: ಆ ಸಣ್ಣ ಅಪಾಯ ಎಂದರೆ ನೀವು ಆಗ ಹೇಳಿದ ಕರುಳಿನ ಸೋಂಕೇ?

ಮೇಷ್ಟ್ರು: ಅದು ಒಂದು. ಜಠರದ ಆಮ್ಲ ಬರಿಯ ಜೀರ್ಣಕ್ಕಲ್ಲ, ಅದು ಬಾಗಿಲ ಕಾವಲು. ಕಾಲರಾ ಬ್ಯಾಕ್ಟೀರಿಯಾ ಎಷ್ಟು ಒಳಹೊಕ್ಕರೆ ರೋಗ ಬರುತ್ತದೆ ಎಂದು ಅಮೆರಿಕದಲ್ಲಿ ಹಿಂದೆ ಸ್ವಯಂಸೇವಕರ ಮೇಲೆ ಪರೀಕ್ಷೆ ಮಾಡಿದ್ದರು. ಸೋಡಾದಂಥ ಬೈಕಾರ್ಬೊನೇಟ್ ಕೊಟ್ಟು ಆಮ್ಲವನ್ನು ಅಡಗಿಸಿದಾಗ, ಮೊದಲು ಬೇಕಾಗಿದ್ದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಬ್ಯಾಕ್ಟೀರಿಯಾ ಸಾಕಾಯಿತು. ಹಾಗಾಗಿ ಕಂಪಾಸ್‌ನಲ್ಲಿ ಉಳಿದೆಲ್ಲ ಭಯಗಳು ಬಿದ್ದುಹೋಗಿ ಇದೊಂದು ನಿಂತದ್ದು ಆಕಸ್ಮಿಕವಲ್ಲ. ಅಲ್ಲಿ ಮೂರು ವರ್ಷದಲ್ಲಿ 250 ಜನ ಮಾತ್ರೆ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚಿನ ಸೋಂಕು. ಆ ಲೆಕ್ಕವನ್ನು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕುಡಿಯುವ, ಮಳೆಗಾಲ ಶುರುವಾದೊಡನೆ ವಾಂತಿಭೇದಿಯ ಸುದ್ದಿ ಓದುವ ಊರುಗಳಿಗೆ ಹಾಗೇ ಎತ್ತಿಕೊಳ್ಳಲಾಗದು. ಟೈಫಾಯಿಡ್, ಕಾಲರಾ ಇರುವ ಕಡೆ ಕಾವಲುಗಾರನನ್ನು ಸುಮ್ಮಸುಮ್ಮನೆ ರಜೆಗೆ ಕಳಿಸಬಾರದು. ನಿಮ್ಮ ತಲೆಬರಹದಲ್ಲಿ ಕಿಡ್ನಿ ಇದೆ, ಮಿದುಳು ಇದೆ, ಕರುಳು ಇಲ್ಲವೇ ಇಲ್ಲ ನೋಡಿ!

ಇನ್ನೊಂದು ಇದಕ್ಕಿಂತ ಸೂಕ್ಷ್ಮ. 2009ರಲ್ಲಿ ಪ್ರಕಟವಾದ ಕೋಪನ್‌ಹೇಗನ್‌ನ ಪ್ರಯೋಗ. ಹೊಟ್ಟೆಯ ತೊಂದರೆ ಏನೂ ಇಲ್ಲದ 120 ಆರೋಗ್ಯವಂತರು. ಅರ್ಧ ಜನಕ್ಕೆ ಹನ್ನೆರಡು ವಾರವೂ ಹುಸಿ ಮಾತ್ರೆ. ಉಳಿದವರಿಗೆ ಎಂಟು ವಾರ ಇದೇ ಗುಂಪಿನ ಈಸೊಮೆಪ್ರಜೋಲ್, ಆಮೇಲೆ ಗೊತ್ತಾಗದಂತೆ ನಾಲ್ಕು ವಾರ ಹುಸಿ ಮಾತ್ರೆ. ಆ ಕೊನೆಯ ನಾಲ್ಕು ವಾರಗಳಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆ ಸಂಕಟ ಎಂದವರು ಹುಸಿ ಮಾತ್ರೆಯವರಲ್ಲಿ ಶೇ 15, ಮದ್ದು ತೆಗೆದುಕೊಂಡು ಬಿಟ್ಟವರಲ್ಲಿ ಶೇ 44. ಕಾಯಿಲೆ ಇಲ್ಲದವರಿಗೆ ಕಾಯಿಲೆ ಬಂತು, ತಂದದ್ದು ಮದ್ದು. ಕಾರಣ ಸರಳ. ಆಮ್ಲ ಕಡಿಮೆಯಾದಾಗ ‘ಇನ್ನಷ್ಟು ಸುರಿಸು’ ಎಂದು ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಏರುತ್ತದೆ, ಜಠರದ ಗೋಡೆಯಲ್ಲಿ ಆಮ್ಲಕ್ಕೆ ಪ್ರಚೋದನೆ ಕೊಡುವ ಕೋಶಗಳು ಬಲಿಯುತ್ತವೆ. ಮದ್ದು ನಿಂತ ದಿನ ಕಟ್ಟೆ ಒಡೆದ ಹಾಗೆ ಆಮ್ಲ ನುಗ್ಗುತ್ತದೆ. ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ, ಆದರೆ ಅಷ್ಟು ದಿನ ಯಾರು ಕಾಯುತ್ತಾರೆ? ‘ನೋಡಿದಿರಾ, ಬಿಟ್ಟರೆ ಆಗುವುದಿಲ್ಲ, ನನ್ನದು ಹಳೆಯ ಗ್ಯಾಸ್ಟ್ರಿಕ್’ ಎಂದು ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ. ಎರಡು ತಿಂಗಳ ಅನಗತ್ಯ ಮಾತ್ರೆ ಹತ್ತು ವರ್ಷದ ‘ಅಗತ್ಯ’ ಆಗುವುದು ಈ ದಾರಿಯಲ್ಲಿ. ಆಗ ಬಂದ ಹತ್ತು ವರ್ಷದ ಪ್ರಶ್ನೆಗೆ ನನ್ನ ಉತ್ತರವೂ ಇದೇ: ಕಾರಣವಿಲ್ಲದವರನ್ನು ಆ ಹತ್ತನೆಯ ವರ್ಷಕ್ಕೆ ತಲುಪಿಸಲೇಬಾರದು.

ಸಂಪಾದಕಿ: ‘ಗ್ಯಾಸ್ಟ್ರಿಕ್’ ಎಂಬ ಮಾತೇ ವಿಚಿತ್ರ. ಇಂಗ್ಲಿಷಿನಲ್ಲಿ ಅದು ‘ಜಠರದ’ ಎಂಬ ಬರಿಯ ವಿಶೇಷಣ. ಕನ್ನಡಕ್ಕೆ ಬಂದು ರೋಗವಾಗಿ ಕೂತಿದೆ.

ಮೇಷ್ಟ್ರು: ಉಬ್ಬರ, ತೇಗು, ಮಲಬದ್ಧತೆ, ಬೆನ್ನುನೋವು, ಎದೆಯಲ್ಲಿ ಚುಚ್ಚಿದ್ದು ಎಲ್ಲವೂ ಅದರ ಹೊಟ್ಟೆಯೊಳಗೆ. ಇವುಗಳಲ್ಲಿ ಆಮ್ಲಕ್ಕೆ ಸಂಬಂಧಿಸಿದ್ದು ಕೆಲವೇ. ವಾಯು ತುಂಬಿದ ಹೊಟ್ಟೆಗೆ ಆಮ್ಲ ತಗ್ಗಿಸುವ ಮಾತ್ರೆ ಏನು ಮಾಡೀತು? ಎಡತೋಳಿಗೆ ಹರಿಯುವ, ಬೆವರು ಬರಿಸುವ ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ ಮಲಗುವುದಂತೂ ಮದ್ದಿನ ಯಾವ ಅಡ್ಡಪರಿಣಾಮಕ್ಕಿಂತಲೂ ದೊಡ್ಡ ಅಪಾಯ. ಇದರ ಜೊತೆಗೆ ನಮ್ಮಲ್ಲಿ ಹೆಸರಿನ ತುದಿಗೆ ‘ಡಿ’ ಅಂಟಿಸಿಕೊಂಡ ಕ್ಯಾಪ್ಸೂಲುಗಳಿವೆ. ಆ ‘ಡಿ’ ಎಂದರೆ ಡೊಂಪೆರಿಡೋನ್, ವಾಂತಿಯ ಮದ್ದು. ಹೃದಯದ ಬಡಿತ ಕೆಡಿಸುವ ಭಯದಿಂದ ಯುರೋಪಿನ ನಿಯಂತ್ರಕರು 2014ರಲ್ಲಿ ಅದನ್ನು ವಾಕರಿಕೆ, ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಎಂದು ಕಟ್ಟಿಹಾಕಿದರು. ಎದೆಯುರಿ, ಉಬ್ಬರಕ್ಕೆ ಕೊಡಬೇಡಿ ಎಂದರು. ನಮ್ಮಲ್ಲಿ ಅದೇ ಎದೆಯುರಿ, ಅದೇ ಉಬ್ಬರಕ್ಕೆ ತಿಂಗಳುಗಟ್ಟಲೆ ನಡೆಯುತ್ತದೆ. ಪ್ಯಾಂಟೊಪ್ರಜೋಲ್ ಕಿಡ್ನಿ ಕೆಡಿಸುತ್ತದೆಯೇ ಎಂದು ಚರ್ಚಿಸುವವರು ಅದೇ ಕ್ಯಾಪ್ಸೂಲಿನ ಇನ್ನರ್ಧದ ಬಗ್ಗೆ ಚಕಾರ ಎತ್ತುವುದಿಲ್ಲ.

ಸಂಪಾದಕಿ: ತಪ್ಪೆಲ್ಲ ರೋಗಿಯ ತಲೆಗೆ ಕಟ್ಟಬೇಡಿ. ಹೊರಗೆ ಮೂವತ್ತು ಜನ ಬೆಂಚಿನ ಮೇಲೆ ಕೂತಿರುವ ಕ್ಲಿನಿಕ್ಕಿನಲ್ಲಿ ವೈದ್ಯರಿಗೆ ಎಂಡೋಸ್ಕೋಪಿ ಯೋಚಿಸಲು ಪುರಸತ್ತಿಲ್ಲ. ಮಾತ್ರೆ ಅಗ್ಗ. ನೋವಿನ ಮಾತ್ರೆ ಬರೆದು ಹೊಟ್ಟೆಗೆ ರಕ್ಷಣೆ ಬರೆಯದಿದ್ದರೆ ನಾಳೆ ರಕ್ತವಾಂತಿ ಆದೀತು ಎಂಬ ಭಯ ಅವರಿಗೂ ಇದೆ.

ಮೇಷ್ಟ್ರು: ಆ ಭಯ ಎಲ್ಲರ ವಿಷಯದಲ್ಲೂ ತಪ್ಪಲ್ಲ. ಅರವತ್ತೈದು ದಾಟಿದವರು, ಹಿಂದೆ ಹುಣ್ಣು ಆದವರು, ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುವವರು, ಇವರಿಗೆ ನೋವಿನ ಮಾತ್ರೆ ಕೊಡುವಾಗ ಬರೆಯಲೇಬೇಕು. ನನ್ನ ತಕರಾರು ಬರೆಯುವುದರ ಬಗ್ಗೆ ಅಲ್ಲ, ಕೊನೆ ಬರೆಯದಿರುವುದರ ಬಗ್ಗೆ. ಆಂಟಿಬಯೋಟಿಕ್‌ಗೆ ‘5 ದಿನ’ ಎಂದು ಬರೆಯುವ ಕೈ ಇದಕ್ಕೆ ದಿನ ಬರೆಯುವುದಿಲ್ಲ. ಯಾಕೆ ಕೊಟ್ಟದ್ದು ಎಂದೂ ಬರೆಯುವುದಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನಕ್ಕೆಂದು ಶುರುವಾದದ್ದು ಡಿಸ್ಚಾರ್ಜ್ ಚೀಟಿಗೆ ನುಸುಳಿ, ಅಲ್ಲಿಂದ ಮನೆಯ ಡಬ್ಬಿಗೆ ಬಂದು, ಮುಂದಿನ ವೈದ್ಯರು ‘ಹಿಂದಿನವರು ಯೋಚಿಸಿಯೇ ಕೊಟ್ಟಿರಬೇಕು’ ಎಂದು ಮುಂದುವರಿಸುತ್ತಾರೆ. ಎರಡು ಪದ ಬರೆಯಲು ಪುರಸತ್ತು ಬೇಕಿಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2022ರಲ್ಲಿ ಈ ಮಾತ್ರೆ ನಿಲ್ಲಿಸುವ ಬಗ್ಗೆಯೇ ಸಲಹೆ ಹೊರಡಿಸಿತು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಅಂಶ: ನಿಲ್ಲಿಸುವುದಾದರೆ ಮಾತ್ರೆಗೆ ಕಾರಣವಿಲ್ಲ ಎಂಬುದಕ್ಕಾಗಿ ಮಾತ್ರ ನಿಲ್ಲಿಸಿ, ಅಡ್ಡಪರಿಣಾಮದ ಭಯಕ್ಕಾಗಿ ಅಲ್ಲ. ನಿಮ್ಮ ತಲೆಬರಹ ಇದರ ತಿರುಗುಮುರುಗು.

ಸಂಪಾದಕಿ: ಸರಿ, ತಲೆಬರಹ ಕಿತ್ತೆ. ಬದಲಿಗೆ ಪುಟದ ಮೇಲೆ ಒಂದು ಚೌಕಟ್ಟು ಹಾಕುತ್ತೇನೆ, ಕೇಳಿ: ‘ಹಿಂದೆ ಹುಣ್ಣಿನಿಂದ ರಕ್ತ ಹೋದವರು, ಅನ್ನನಾಳದ ಗೋಡೆ ಆಮ್ಲದಿಂದ ಬದಲಾಗಿದೆ ಎಂದು ಎಂಡೋಸ್ಕೋಪಿಯಲ್ಲಿ ಕಂಡವರು, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ತೆಗೆದುಕೊಳ್ಳುವವರು ಈ ಪುಟ ಓದಿ ಮಾತ್ರೆ ಬಿಡಬೇಡಿ. ಉಳಿದವರು ಮುಂದಿನ ಸಲ ವೈದ್ಯರ ಬಳಿ ಹೋದಾಗ ಎರಡು ಮಾತು ಕೇಳಿ: ಇದು ನನಗೆ ಯಾತಕ್ಕೆ, ಎಷ್ಟು ದಿನ? ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.’

ಮೇಷ್ಟ್ರು: ಕೆಳಗೆ ಇನ್ನೊಂದು ಸಾಲು ಸೇರಿಸಿ. ವೈದ್ಯರು ನಿಲ್ಲಿಸಿ ಎಂದ ಮೇಲೆ ಕೆಲವು ವಾರ ಎದೆ ಉರಿದರೆ ಅದು ಮಾತ್ರೆ ಬಿಟ್ಟದ್ದರ ಉರಿ, ಹಳೆಯ ಕಾಯಿಲೆ ಮರಳಿ ಬಂದದ್ದೇ ಆಗಬೇಕಿಲ್ಲ. ಅಷ್ಟು ದಿನಕ್ಕೆ ಸಾದಾ ಆಂಟಾಸಿಡ್ ಸಾಕಾಗಬಹುದು. ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ, ತೂಕ ಇಳಿದರೆ ಮಾತ್ರ ಅದೇ ದಿನ ವೈದ್ಯರ ಬಳಿ ಹೋಗಿ.